ಹಳೇ ರೇಸ್ ಫಿಯಟ್‌ನ ಎಂಜಿನ್ ಬಿಚ್ಚುವ ಮುಂಚೆ

ಶೋಲವರಂ (ಚೆನ್ನೈ ಹತ್ತಿರದ ಹಳೇ ರೇಸ್ ಜಾಗ) ರೇಸ್ ಕಾಲದ ಫಿಯಟ್ 1100 ಇನ್ನೂ ಇಟ್ಟುಕೊಂಡಿರುವವರಿಗೆ ಈ ಮಾತು. ನನ್ನ ಕಾರು 22 ವರ್ಷದಿಂದ ನನ್ನ ಹತ್ತಿರವೇ ಇದೆ. ಹೋದ ತಿಂಗಳು ಅದರ 1089 ಸಿಸಿ ಎಂಜಿನ್ ಎರಡನೇ ಸಲ ಬಿಚ್ಚಿ ಕಟ್ಟಿದೆ.

ಬಿಚ್ಚುವ ಮೊದಲೇ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕಡ್ಡಿ) ಮತ್ತು ಮೇನ್ ಬೇರಿಂಗ್ ಕ್ಯಾಪ್‌ಗಳಿಗೆ (ಕ್ರ್ಯಾಂಕನ್ನು ಬ್ಲಾಕ್‌ಗೆ ಹಿಡಿದಿಡುವ ಮುಚ್ಚಳ) ಪಂಚ್‌ನಿಂದ ನಂಬರ್ ಹಾಕಿ. ಯಾವ ಕಡೆ ಮುಂದೆ ಅನ್ನೋದನ್ನೂ ಗುರುತು ಮಾಡಿ. ಹಿಂದಿನ ಸಲ ಒಂದು ವರ್ಕ್‌ಶಾಪ್‌ನಲ್ಲಿ ಎರಡು ಕ್ಯಾಪ್ ಅದಲು ಬದಲಾಗಿ, ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಕೈಯಲ್ಲಿ ತಿರುಗಲೇ ಇಲ್ಲ. ತುಂಬ ಸಂಕಟವಾಯಿತು.

ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂದು. ಪೂರ್ತಿ ತಣ್ಣಗಾದ ಮೇಲೇ ನಟ್ ಸಡಿಲಿಸಿ, ಇಲ್ಲದಿದ್ದರೆ ಬಾಗುತ್ತೆ.

ಹೊಸ ಪಿಸ್ಟನ್ ರಿಂಗನ್ನು ಸುಮ್ನೆ ಹಾಕಬೇಡಿ. ಒಂದೊಂದನ್ನೂ ಅದರದೇ ಬೋರ್‌ಗೆ (ಪಿಸ್ಟನ್ ಓಡಾಡುವ ಸಿಲಿಂಡರ್ ಕೊಳವೆ) ಇಳಿಸಿ, ಪಿಸ್ಟನ್ ತಲೆಕೆಳಗು ಹಿಡಿದು ಸಮವಾಗಿ ಒತ್ತಿ, ರಿಂಗ್‌ನ ಎರಡು ತುದಿಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. 68 ಮಿಮೀ ಬೋರ್‌ಗೆ ಸುಮಾರು 0.27 ಮಿಮೀ ಸಂದು ಬೇಕು. ರೇಸ್‌ಗಾದರೆ ಸ್ವಲ್ಪ ಜಾಸ್ತಿ. ಕಡಿಮೆಯಾದರೆ ಕಾದಾಗ ತುದಿಗಳು ತಾಗಿ ಬೋರ್ ಗೀರುತ್ತೆ.

ಕಟ್ಟಿದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಪ್ರೆಶರ್ ಏರುವವರೆಗೆ ಬರೀ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.