ಬ್ಯಾಂಕಾಕ್: ಟ್ಯಾಕ್ಸಿ ಬಿಟ್ಟು ದೋಣಿ, ರೈಲು ಹಿಡಿದು ನೋಡುವ ಬಗೆ

ಬ್ಯಾಂಕಾಕ್‌ಗೆ ಹೋದವರು ಅರಮನೆ, ಮಲಗಿದ ಬುದ್ಧ, ಸಫಾರಿ ವರ್ಲ್ಡ್ ನೋಡಿಕೊಂಡು ಪಟ್ಟಾಯಕ್ಕೆ ಹೊರಟುಬಿಡುತ್ತಾರೆ. ಊರಲ್ಲಿದ್ದ ಅರ್ಧ ಹೊತ್ತು ಸುಖುಮ್‌ವಿಟ್ ರಸ್ತೆಯ ಟ್ರಾಫಿಕ್ಕಿನಲ್ಲೇ ಕರಗುತ್ತದೆ. ಈ ಊರು ಬೆಳೆದದ್ದು ರಸ್ತೆಯ ಮೇಲಲ್ಲ, ಕಾಲುವೆಗಳ ಮೇಲೆ. ಹಳೆಯ ಕಸುಬಿನ ಕೇರಿಗಳು, ಹಳೆಯ ಸಂತೆಗಳು ಇವತ್ತಿಗೂ ನೀರಿನ ಅಂಚಿನಲ್ಲೋ ಹಳೆಯ ರೈಲು ಹಳಿಯ ಪಕ್ಕದಲ್ಲೋ ಇವೆ. ಆದ್ದರಿಂದ ಟ್ಯಾಕ್ಸಿಗೆ ಕೈ ತೋರಿಸುವ ಮೊದಲು, ಅಲ್ಲಿಗೆ ದೋಣಿ ಹೋಗುತ್ತದೆಯೇ, ರೈಲು ಹೋಗುತ್ತದೆಯೇ ಎಂದು ನೋಡಿ. ಖರ್ಚೂ ಕಡಿಮೆ, ಕಾಣುವ ಊರೂ ಬೇರೆ.

ಹೊರಡುವ ಮುಂಚೆ 20 ಬಾತ್ ನೋಟುಗಳನ್ನೂ ಚಿಲ್ಲರೆಯನ್ನೂ ಜೇಬಿಗೆ ಹಾಕಿಕೊಳ್ಳಿ. ಕಾಲುವೆ ದೋಣಿಯಲ್ಲಿ 1000 ಬಾತ್ ನೋಟು ಚಾಚಿದರೆ ಕಂಡಕ್ಟರಿಗೂ ಕಷ್ಟ, ನಿಮಗೂ ಕಷ್ಟ. ಮಂಡಿ ಮುಚ್ಚುವ ತೆಳು ಪ್ಯಾಂಟು ಹಾಕಿ, ಭುಜ ಮುಚ್ಚಿರಲಿ. ದಾರಿಯಲ್ಲಿ ದೇವಾಲಯ ಸಿಕ್ಕರೆ ಬಟ್ಟೆ ಬದಲಿಸುವ ರಗಳೆ ಇರುವುದಿಲ್ಲ. ಕಾಲಿಗೆ ಹಿಂದಿನ ಪಟ್ಟಿ ಇರುವ ಚಪ್ಪಲಿಯೇ ಆಗಬೇಕು. ಹವಾಯಿ ಚಪ್ಪಲಿ ದೋಣಿ ಹತ್ತುವಾಗ ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ತಿರುಗಾಟಕ್ಕೆ ಹದವಾದ ಕಾಲ. ಏಪ್ರಿಲ್‌ನಲ್ಲಿ ಹೋಗುವುದಾದರೆ ಬೆಳಿಗ್ಗೆ ಹನ್ನೊಂದರೊಳಗೆ ನಡಿಗೆ ಮುಗಿಸಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು.

ಸ್ಯಾನ್ ಸ್ಯಾಪ್ ಕಾಲುವೆಯ ದೋಣಿ

ಮೂರನೇ ರಾಮ ಅರಸನ ಕಾಲದಲ್ಲಿ, 1837ರಿಂದ 1840ರ ನಡುವೆ, ಪೂರ್ವದ ಗಡಿಯ ಯುದ್ಧಕ್ಕೆ ಸೈನ್ಯ ಸಾಗಿಸಲೆಂದು ತೋಡಿಸಿದ ಕಾಲುವೆ ಇದು. ಈಗ ಆಫೀಸಿಗೆ ಹೋಗುವವರು, ಶಾಲೆಯ ಮಕ್ಕಳು ಇದರಲ್ಲಿ ಓಡಾಡುತ್ತಾರೆ. ಸ್ಕೈಟ್ರೇನಿನ (ರಸ್ತೆಯ ಮೇಲೆ ಎತ್ತರದ ಹಳಿಯಲ್ಲಿ ಓಡುವ ನಗರದ ರೈಲು) ರಾಚತೇವಿ ನಿಲ್ದಾಣದಲ್ಲಿ ಇಳಿದು ಐದಾರು ನಿಮಿಷ ನಡೆದರೆ ಹುವಾ ಚಾಂಗ್ ಸೇತುವೆ ಸಿಗುತ್ತದೆ. ಸೇತುವೆಯ ಕೆಳಗೇ ದೋಣಿಕಟ್ಟೆ. ಇಲ್ಲಿಂದ ಪಶ್ಚಿಮಕ್ಕೆ, ಹಳೆಯ ಊರಿನ ಕಡೆಗೆ ಹೋಗುವ ದೋಣಿ ಬೇಕು. ಅದರ ಕೊನೆಯ ನಿಲ್ದಾಣ ಪಾನ್‌ಫಾ. ಯಾವ ದಿಕ್ಕಿನ ದೋಣಿ ಎಂಬ ಅನುಮಾನ ಬಂದರೆ 'ಪಾನ್‌ಫಾ?' ಎಂದು ಕೇಳಿ. ತಪ್ಪು ದೋಣಿ ಹತ್ತಿದವರು ಪ್ರಾತುನಾಮ್‌ಗೆ ಹೋಗಿ ಸೇರುತ್ತಾರೆ. ಪೂರ್ವದ ದೋಣಿ, ಪಶ್ಚಿಮದ ದೋಣಿ ಎರಡೂ ಅಲ್ಲಿ ಬದಲಾಗುತ್ತವೆ, ಹಾಗಾಗಿ ಅಲ್ಲೇ ಇಳಿದು ವಾಪಸಾಗಬಹುದು.

ದೋಣಿ ಹತ್ತುವುದಕ್ಕೊಂದು ಕ್ರಮವಿದೆ. ದೋಣಿ ಕಟ್ಟೆಗೆ ತಾಗಿ, ಹಗ್ಗ ಸುತ್ತಿ, ಕೆಲವೇ ಸೆಕೆಂಡು ನಿಲ್ಲುತ್ತದೆ. ಇಳಿಯುವವರಿಗೆ ದಾರಿ ಬಿಡಿ. ಆಮೇಲೆ ಮೇಲೆ ಕಟ್ಟಿರುವ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು, ದೋಣಿಯ ಅಂಚು ಮೆಟ್ಟಿ ತಕ್ಷಣ ಒಳಗಿಳಿಯಿರಿ. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯಲ್ಲಿ ಇಟ್ಟು ಯೋಚಿಸುತ್ತ ನಿಂತರೆ ಅಪಾಯ: ದೋಣಿ ಸರಿದು ನಡುವೆ ಅಂತರ ಬಿಡುತ್ತದೆ. ಬ್ಯಾಗು ಬೆನ್ನಿಗಿರಲಿ, ಕೈ ಎರಡೂ ಖಾಲಿ ಇರಲಿ. ಮಂಡಿನೋವಿನ ಹಿರಿಯರಿಗೆ, ಕಂಕುಳಲ್ಲಿ ಕೂಸಿರುವವರಿಗೆ ಈ ದೋಣಿ ಬೇಡ. ಅವರಿಗೆ ಚಾವೊ ಪ್ರಾಯಾ ನದಿಯ ದೊಡ್ಡ ದೋಣಿಗಳೇ ಸರಿ.

ಒಳಗೆ ಜಾಗವಿದ್ದರೆ ನಡುವೆ ಕೂರಿ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಲೆ ಎದ್ದು ನೀರು ಎರಚುತ್ತದೆ, ಆ ನೀರು ಶುದ್ಧವಲ್ಲ. ಅಂಚಿನಲ್ಲಿ ಕೂತಿದ್ದರೆ ಪಕ್ಕದ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೆತ್ತುವ ಹೊಣೆ ನಿಮ್ಮದು. ಮರೆತರೆ ಹಿಂದಿನ ಸಾಲಿನವರೆಲ್ಲ ನೆನೆಯುತ್ತಾರೆ. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ದುಡ್ಡು ಕೇಳುತ್ತಾರೆ. ಇಳಿಯುವ ಕಟ್ಟೆಯ ಹೆಸರು ಹೇಳಿ. ದೂರ ನೋಡಿಕೊಂಡು 10ರಿಂದ 20 ಬಾತ್ ಆಸುಪಾಸು. ತಗ್ಗು ಸೇತುವೆ ಬಂದಾಗ ದೋಣಿಯ ಚಾವಣಿಯನ್ನೇ ಕೆಳಗಿಳಿಸುತ್ತಾರೆ, ಆಗ ಎದ್ದು ನಿಲ್ಲಬೇಡಿ. ಸಂಜೆ ಏಳರ ಹೊತ್ತಿಗೆ ದೋಣಿ ವಿರಳವಾಗುತ್ತದೆ, ಶನಿವಾರ, ಭಾನುವಾರ ಇನ್ನೂ ಬೇಗ ನಿಲ್ಲುತ್ತದೆ.

ಹುವಾ ಚಾಂಗ್ ಬಿಟ್ಟ ಕೂಡಲೇ ಕಾಣುವುದು ಬಾನ್ ಕ್ರುವಾ, ಕಾಂಬೋಡಿಯಾ ಕಡೆಯಿಂದ ಬಂದ ಚಾಮ್ ಮುಸ್ಲಿಮರ ಕೇರಿ. ಥಾಯ್ ರೇಷ್ಮೆಯನ್ನು ಜಗತ್ತಿಗೆ ಮಾರಿದ ಜಿಮ್ ಥಾಂಪ್ಸನ್ ತನ್ನ ಬಟ್ಟೆ ನೇಯಿಸಿಕೊಂಡದ್ದು ಇಲ್ಲಿನವರ ಕೈಯಲ್ಲಿ. 1967ರಲ್ಲಿ ಮಲೇಷ್ಯಾದ ಕ್ಯಾಮರಾನ್ ಹೈಲ್ಯಾಂಡ್ಸ್‌ನಲ್ಲಿ ಕಾಣೆಯಾದ ಆತನ ಮನೆ ಈಗ ಮ್ಯೂಸಿಯಂ, ಕಾಲುವೆಯ ಈಚೆ ದಡದಲ್ಲಿದೆ. ಆಚೆ ದಡದ ಕೇರಿಯಲ್ಲಿ ಬೆರಳೆಣಿಕೆಯ ಮಗ್ಗಗಳಷ್ಟೇ ಉಳಿದಿವೆ. ಮ್ಯೂಸಿಯಂ ನೋಡಿದವರಲ್ಲಿ ಹೆಚ್ಚಿನವರು ಕಾಲುವೆ ದಾಟುವುದೇ ಇಲ್ಲ. ನೇಕಾರರ ಓಣಿ ನೋಡದೆ ಹೋದರೆ ಆ ಮನೆಯ ಕಥೆ ಅರ್ಧವೇ ಗೊತ್ತಾದಂತೆ. ಓಣಿ ಕಿರಿದು, ಜನ ಮನೆಯ ಮುಂದೆಯೇ ಕೂತಿರುತ್ತಾರೆ. ಕ್ಯಾಮೆರಾ ಎತ್ತುವ ಮುನ್ನ ಕೇಳಿ.

ಪಾನ್‌ಫಾದಲ್ಲಿ ಇಳಿದರೆ ಎದುರಿಗೇ ಲೋಹ ಪ್ರಾಸಾದ. 37 ಲೋಹದ ಶಿಖರಗಳು, ಬೌದ್ಧರ 37 ಬೋಧಿಪಕ್ಷೀಯ ಧರ್ಮಗಳಿಗೆ, ಅಂದರೆ ಜ್ಞಾನೋದಯಕ್ಕೆ ಒಯ್ಯುವ ಗುಣಗಳಿಗೆ, ಒಂದೊಂದು. ನಡುವಿನ ಸುರುಳಿ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗಬಹುದು. ಪಕ್ಕದ ವಾಟ್ ಸಾಕೆಟ್‌ನ ಬಂಗಾರದ ಗುಡ್ಡಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಸಂಜೆ ಐದರ ಮೇಲೆ ಹತ್ತಿದರೆ ಬಿಸಿಲಿರುವುದಿಲ್ಲ.

ಗುಡ್ಡದಿಂದ ದಕ್ಷಿಣಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಸೋಯ್ ಬಾನ್ ಬಾಟ್. ಭಿಕ್ಷುಗಳ ಭಿಕ್ಷಾಪಾತ್ರೆ ಮಾಡುವವರ ಕೇರಿ. ಬ್ಯಾಂಕಾಕ್‌ನಲ್ಲಿ ಒಂದೇ ಒಂದು ಕಡೆಗೆ ಹೋಗಲು ಹೊತ್ತಿದೆ ಎನ್ನುವವರಿಗೆ ನಾವು ಹೇಳುವುದು ಇದನ್ನೇ. ಬುದ್ಧ ಹೇಳಿದ ಅಷ್ಟಾಂಗ ಮಾರ್ಗದ ಲೆಕ್ಕಕ್ಕೆ ಎಂಟು ತುಂಡು ಲೋಹದ ತಗಡಿನಿಂದ ಪಾತ್ರೆ ಕಟ್ಟುತ್ತಾರೆ. ಮೊದಲು ಬಾಯಿಯ ಬಳೆ, ಅದಕ್ಕೆ ಅಡ್ಡಪಟ್ಟಿಗಳ ಚೌಕಟ್ಟು, ಆಮೇಲೆ ನಡುವಿನ ಸಂದುಗಳಿಗೆ ಎಲೆಯಾಕಾರದ ತುಂಡುಗಳು. ಎಲ್ಲವನ್ನೂ ಬೆಂಕಿಯಲ್ಲಿ ತಾಮ್ರ ಕರಗಿಸಿ ಬೆಸೆದು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ದುಂಡಗೆ ಮಾಡುತ್ತಾರೆ. ಕಾರ್ಖಾನೆಯ ಅಚ್ಚಿನ ಪಾತ್ರೆ ಬಂದ ಮೇಲೆ ಕಸುಬು ಕೆಲವೇ ಮನೆಗಳಿಗೆ ಇಳಿದಿದೆ. ಕೊಳ್ಳುವುದಾದರೆ ಬಣ್ಣ ಹಚ್ಚದ ಪಾತ್ರೆ ಕೇಳಿ, ಒಳಗೆ ಬೆರಳಾಡಿಸಿ ನೋಡಿ: ಬೆಸುಗೆಯ ಗೆರೆ, ಸುತ್ತಿಗೆಯ ಗುಳಿ ತಿಳಿಯಬೇಕು. ಎಲ್ಲೂ ಗೆರೆಯಿಲ್ಲದೆ ನುಣ್ಣಗಿದ್ದರೆ ಅದು ಅಚ್ಚಿನದು. ಕೈಕೆಲಸದ ಪಾತ್ರೆ ಅಗ್ಗವಲ್ಲ, ಅಷ್ಟು ದಿನದ ದುಡಿಮೆಗೆ ಚೌಕಾಸಿ ಮಾಡಬೇಡಿ. ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಹೋಗಿ, ಸುತ್ತಿಗೆಯ ಸದ್ದು ಕೇಳಿದ ಕಡೆಗೆ ತಿರುಗಿ.

ಎರಡು ರೈಲು, ನಡುವೆ ಒಂದು ದೋಣಿ

ಮೇಕ್ಲಾಂಗ್ ಸಂತೆಯ ನಡುವೆ ರೈಲು ನುಗ್ಗುವ ವಿಡಿಯೊ ನೀವು ನೋಡಿಯೇ ಇರುತ್ತೀರಿ. ಅಲ್ಲಿಗೆ ಹೆಚ್ಚಿನವರು ವ್ಯಾನಿನಲ್ಲಿ ಹೋಗಿ, ಫೋನು ಹಿಡಿದು ನಿಂತು ವಾಪಸಾಗುತ್ತಾರೆ. ಆ ರೈಲಿನ ಒಳಗೇ ಕೂತು ಹೋಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಹಳಿಯನ್ನು ಎರಡು ಬೇರೆ ಬೇರೆ ತುಂಡಾಗಿ ಹಾಕಿದರು. ನಡುವಿನ ತಾ ಚಿನ್ ನದಿಗೆ ಇವತ್ತಿಗೂ ರೈಲು ಸೇತುವೆಯಿಲ್ಲ, ಹಾಗಾಗಿ ನಡುವೆ ದೋಣಿ.

ಹೊರಡುವುದು ವೊಂಗ್‌ವಿಯನ್ ಯಾಯ್ ರೈಲು ನಿಲ್ದಾಣದಿಂದ. ಇದೇ ಹೆಸರಿನ ಸ್ಕೈಟ್ರೇನ್ ನಿಲ್ದಾಣವೂ ಇದೆ, ಎರಡೂ ಒಂದಲ್ಲ. ಸ್ಕೈಟ್ರೇನ್ ಇಳಿದು, ಕುದುರೆಯ ಮೇಲಿರುವ ತಾಕ್ಸಿನ್ ಅರಸನ ಪ್ರತಿಮೆಯ ವೃತ್ತ ಬಳಸಿ, ಹದಿನೈದು ನಿಮಿಷ ನಡೆಯಬೇಕು. ನಿಲ್ದಾಣದ ಬಾಗಿಲು ಅಂಗಡಿಗಳ ಸಂದಿಯಲ್ಲಿ ಅಡಗಿದೆ. ಬೆಳಿಗ್ಗೆ 7.40ರ ಸುಮಾರಿನ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಮಹಾಚಾಯ್. ಟಿಕೆಟ್ 10 ಬಾತ್. ಅಲ್ಲಿ ಮೀನು ಮಾರುಕಟ್ಟೆಯ ನಡುವೆ ನಡೆದು ದೋಣಿಕಟ್ಟೆಗೆ ಹೋಗಿ, ಕೆಲವು ಬಾತ್ ಕೊಟ್ಟು ನದಿ ದಾಟಿ. ಆಚೆ ದಡದಲ್ಲಿ ಬಲಕ್ಕೆ ತಿರುಗಿ ಹತ್ತು ಹದಿನೈದು ನಿಮಿಷ ನಡೆದರೆ ಬಾನ್ ಲ್ಯಾಮ್ ನಿಲ್ದಾಣ. ಇಲ್ಲಿಂದ ದಿನಕ್ಕೆ ನಾಲ್ಕೇ ರೈಲು: 7.30, 10.10, ಮಧ್ಯಾಹ್ನ 1.30, ಸಂಜೆ 4.40. ನಿಮ್ಮದು 10.10ರದು. ಇದು ತಪ್ಪಿದರೆ ಮೂರು ಗಂಟೆಗೂ ಹೆಚ್ಚು ಕಾಯಬೇಕು, ಆದ್ದರಿಂದ ಬೆಳಗಿನ ರೈಲನ್ನು ತಡಮಾಡಿ ಹಿಡಿಯಬೇಡಿ. ಹಳಿ ದುರಸ್ತಿಗೆಂದು ಓಡಾಟ ನಿಲ್ಲಿಸುವುದೂ ಉಂಟು, ಹಿಂದಿನ ದಿನ ಹೋಟೆಲಿನವರಿಂದ ಫೋನು ಮಾಡಿಸಿ ವೇಳೆ ಖಚಿತಪಡಿಸಿಕೊಳ್ಳಿ. ದಾರಿಯಲ್ಲಿ ಉಪ್ಪಿನ ಗದ್ದೆಗಳಿವೆ. ಬೇಸಿಗೆಯಲ್ಲಾದರೆ ಬಿಳಿ ರಾಶಿ ಕಾಣುತ್ತದೆ.

ರೈಲು 11.10ಕ್ಕೆ ಸಂತೆಯೊಳಗೆ ನುಗ್ಗುತ್ತದೆ. ಕಿಟಕಿಯಿಂದ ಕೈ, ಫೋನು ಹೊರಗೆ ಚಾಚಬೇಡಿ, ಚಪ್ಪರದ ಕೋಲುಗಳು ಗೇಣುದೂರದಲ್ಲಿರುತ್ತವೆ. ಅದೇ ರೈಲು 11.30ಕ್ಕೆ ವಾಪಸು ಹೊರಡುತ್ತದೆ. ಅಂದರೆ ಇಪ್ಪತ್ತು ನಿಮಿಷದಲ್ಲಿ ಇಳಿದು, ಹಳಿಯ ಮೇಲೇ ಸಂತೆಯ ಆಚೆ ತುದಿಗೆ ನಡೆದು, ಹೊರಗಿನಿಂದಲೂ ನೋಡಬಹುದು. ನಿಲ್ದಾಣದ ಬಳಿ ನೂಕುನುಗ್ಗಲು, ಆಚೆ ತುದಿಯಲ್ಲಿ ಜನ ಕಡಿಮೆ. ಅಂಗಡಿಯವರು ತೋರಿಸಿದ ಜಾಗದಲ್ಲೇ, ಬ್ಯಾಗು ಹೊಟ್ಟೆಗೊತ್ತಿ ನಿಲ್ಲಿ. ಊರಿಗೆ ಮರಳಲು 3.30ರ ರೈಲಿದೆ, ಇಲ್ಲವೇ ಬ್ಯಾಂಕಾಕ್‌ನ ದಕ್ಷಿಣದ ಬಸ್ ನಿಲ್ದಾಣಕ್ಕೆ ವ್ಯಾನ್. ಶುಕ್ರವಾರದಿಂದ ಭಾನುವಾರದೊಳಗೆ ಹೋಗಿದ್ದರೆ ಸಾಂಗ್‌ತ್ಯಾವ್ (ಹಿಂದೆ ಎರಡು ಸಾಲು ಬೆಂಚಿರುವ ಬಾಡಿಗೆ ಪಿಕಪ್) ಹತ್ತಿ ಅಂಫಾವಾದ ತೇಲುವ ಸಂತೆಗೂ ಹೋಗಿ. ಮಿಂಚುಹುಳು ನೋಡುವ ದೋಣಿ ಹೊರಡುವುದು ಕತ್ತಲಾದ ಮೇಲೆ, ವ್ಯಾನುಗಳು ಅಷ್ಟರಲ್ಲಿ ಮುಗಿಯುತ್ತವೆ. ಹುಳು ನೋಡಬೇಕೆಂದರೆ ರಾತ್ರಿ ಅಲ್ಲೇ ಉಳಿಯಿರಿ.

ಬಾಂಗ್ ಕ್ರಾಚಾವೊದಲ್ಲಿ ಸೈಕಲ್

ಕ್ಲೋಂಗ್ ತೋಯಿಯ ವಾಟ್ ಕ್ಲೋಂಗ್ ತೋಯ್ ನೋಕ್ ದೇವಾಲಯದ ಹಿಂದಿನ ಕಟ್ಟೆಯಿಂದ ಪುಟ್ಟ ದೋಣಿಯಲ್ಲಿ ಐದು ನಿಮಿಷ. ನದಿ ಸುತ್ತಿ ಬಳಸಿದ ಈ ಹಸಿರು ತುಂಡಿನಲ್ಲಿ ಗಗನಚುಂಬಿಗಳಿಲ್ಲ. ಇಳಿದಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ, ದಿನಕ್ಕೆ 50ರಿಂದ 100 ಬಾತ್. ಎರಡೂ ಬ್ರೇಕು ಹಿಡಿದು ನೋಡಿ, ಸೀಟು ಕಾಲು ನೆಲಕ್ಕೆ ತಾಗುವಷ್ಟು ತಗ್ಗಿಸಿಕೊಳ್ಳಿ. ಕಾರಣವಿದೆ: ಒಳಗಿನ ದಾರಿಗಳು ಜೌಗಿನ ಮೇಲೆ ಎತ್ತರಿಸಿದ ಕಿರಿದಾದ ಕಾಂಕ್ರೀಟ್ ಪಟ್ಟಿಗಳು, ಬಹಳ ಕಡೆ ಕಂಬಿಯಿಲ್ಲ, ತಿರುವು ನೆಟ್ಟಗೆ ಲಂಬಕೋನದಲ್ಲಿ. ತಿರುವಿನಲ್ಲಿ, ಎದುರಿಗೆ ಬಂಡಿ ಬಂದಾಗ, ಮಳೆಯಾಗಿ ಪಾಚಿ ಕಟ್ಟಿದ್ದಾಗ ಇಳಿದು ತಳ್ಳಿ. ಕೆಸರಿಗೆ ಬೀಳುವವರು ಬೀಳುವುದು ಫೋನು ನೋಡುತ್ತ ತುಳಿಯುವಾಗಲೇ. ಶ್ರೀ ನಖೋನ್ ಖ್ವೆನ್ ಖಾನ್ ಉದ್ಯಾನದ ಪಕ್ಷಿಗೋಪುರಕ್ಕೆ ಬೆಳಿಗ್ಗೆಯೇ ಹೋಗಿ. ಬಾಂಗ್ ನಾಮ್ ಫುಂಗ್ ಸಂತೆ ವಾರಾಂತ್ಯಕ್ಕೆ ಮಾತ್ರ. ಸೈಕಲ್ಲಿಗೆ ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ನಕಲು ಪ್ರತಿ ಕೊಡಿ. ಸಂಜೆ ಐದರೊಳಗೆ ಕಟ್ಟೆಗೆ ಮರಳಿ.

ಇನ್ನುಳಿದ ಸಣ್ಣಪುಟ್ಟವು. ಲುಂಪಿನಿ ಉದ್ಯಾನದ ಕೆರೆಯಲ್ಲಿ ಆಳುದ್ದದ ಉಡಗಳಿವೆ, ದೂರದಿಂದ ನೋಡಿ, ತಿನ್ನಿಸಬೇಡಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಉದ್ಯಾನ, ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಕೇಳಿಸಿದರೆ ಎಲ್ಲರ ಹಾಗೆ ನಿಂತುಬಿಡಿ. ಪಾಕ್ ಕ್ಲೋಂಗ್ ಹೂವಿನ ಮಾರುಕಟ್ಟೆಗೆ ನಸುಕಿನಲ್ಲೇ ಹೋಗಬೇಕು. ಅರಮನೆಯ ಸುತ್ತ ಯಾರಾದರೂ 'ಇವತ್ತು ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ' ಎಂದರೆ ನಂಬಬೇಡಿ. ಆ ಟುಕ್‌ಟುಕ್ ನಿಲ್ಲುವುದು ಹರಳಿನ ಅಂಗಡಿಯ ಮುಂದೆ.

ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು. ತರಕಾರಿ ಹುರಿಯುವಾಗಲೂ ಮೀನಿನ ಸಾಸು, ಸಿಂಪಿ ಸಾಸು ಬೀಳುತ್ತವೆ, ಥಾಯ್ ಕರ್ರಿಯ ಮಸಾಲೆಯಲ್ಲೇ ಸೀಗಡಿ ಅರೆದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಗುರುತು ಹುಡುಕಿ. ಅಲ್ಲಿ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಬೇರೆ ಅಂಗಡಿಯಲ್ಲಿ 'ಕಿನ್ ಜೇ, ಮಾಯ್ ಸಾಯ್ ನಾಮ್ ಪ್ಲಾ' ಎನ್ನಿ: ಜೇ ಊಟ ನಮ್ಮದು, ಮೀನಿನ ಸಾಸು ಹಾಕಬೇಡಿ ಎಂದಂತೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಒಂಬತ್ತು ದಿನ ನಡೆಯುವ ಜೇ ಹಬ್ಬಕ್ಕೆ ಹೋದರೆ ಚೀನೀಯರ ಕೇರಿಯ ಯಾವರಾತ್ ರಸ್ತೆಯುದ್ದಕ್ಕೂ ಈ ಬಾವುಟಗಳೇ.