ಕಡಿಮೆ ಖರ್ಚಿನ ಒಳ್ಳೆಯ ನರ್ಸಿಂಗ್ ಕಾಲೇಜು ಹುಡುಕುವುದು ಹೇಗೆ

ಬಿಎಸ್ಸಿ ನರ್ಸಿಂಗ್ ಪದವಿ 4 ವರ್ಷ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ 3 ವರ್ಷ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದ್ದರೆ ಬಿಎಸ್ಸಿಯನ್ನೇ ನೋಡಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುವ ಸರ್ಕಾರಿ ಕೋಟಾ ಸೀಟಿಗೆ ಮೊದಲು ಪ್ರಯತ್ನಿಸಿ. ಏಜೆಂಟರ ಮಾತು ಕೇಳಿ ಅವಸರದಲ್ಲಿ ಅಡ್ವಾನ್ಸ್ ಕಟ್ಟಿದವರು ಆಮೇಲೆ ಇಂಥ ಸೀಟು ಸಿಕ್ಕರೂ ಕಟ್ಟಿದ ದುಡ್ಡಿಗಾಗಿ ಅಲೆಯುತ್ತಾರೆ.

ಕಾಲೇಜಿನ ಹೆಸರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ ಪಟ್ಟಿಗಳಲ್ಲಿ ಈ ವರ್ಷಕ್ಕೆ ಇದೆಯೇ ನೋಡಿ. ಗೋಡೆಯ ಮೇಲಿನ ಹಳೆಯ ಪ್ರಮಾಣಪತ್ರ ಲೆಕ್ಕಕ್ಕಿಲ್ಲ.

ನಿಜವಾದ ಪರೀಕ್ಷೆ ಆಸ್ಪತ್ರೆಯದು. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇದೆಯೇ ಕೇಳಿ. ವಾರದ ದಿನ ಬೆಳಿಗ್ಗೆ ಹೋಗಿ ನೋಡಿ. ಹಾಸಿಗೆಗಳೆಲ್ಲ ಖಾಲಿ ಹೊಡೆಯುತ್ತಿದ್ದರೆ, ಹೆರಿಗೆ ವಾರ್ಡಿಗೆ ಬೀಗ ಬಿದ್ದಿದ್ದರೆ, ಕಟ್ಟಡ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಗೊಂಬೆಯ ಮೇಲೆ ಮಾತ್ರ ಐವಿ (ಡ್ರಿಪ್‌ ಸೂಜಿ) ಹಾಕಿ ಕಲಿತವರಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೈ ನಡುಗುತ್ತದೆ. ಹೊರಗೆ ನಿಂತ ಮೂರನೇ ವರ್ಷದವರನ್ನು ವಿಚಾರಿಸಿ: ಪೋಸ್ಟಿಂಗ್ (ಆಸ್ಪತ್ರೆ ತರಬೇತಿ) ಎಲ್ಲಿ, ಬಸ್ಸಿನ ಖರ್ಚು ಯಾರದು, ಪಾಠ ಮಾಡುವವರು ಪದೇಪದೇ ಬದಲಾಗುತ್ತಾರೆಯೇ?

ಶುಲ್ಕವನ್ನು ನಾಲ್ಕೂ ವರ್ಷಕ್ಕೆ ಒಟ್ಟಾಗಿ ಬರೆಸಿಕೊಳ್ಳಿ: ಬೋಧನೆ, ಹಾಸ್ಟೆಲ್, ಸಮವಸ್ತ್ರ, ಕ್ಲಿನಿಕಲ್ ಅಂದರೆ ಆಸ್ಪತ್ರೆ ತರಬೇತಿ, ಪರೀಕ್ಷೆ, ವಾಹನ. ಮೊದಲ ವರ್ಷ ಕಡಿಮೆ ಹೇಳಿ ಎರಡನೆಯದರಲ್ಲಿ ಏರಿಸುವುದು ಹಳೆಯ ಚಾಳಿ. ಮೂಲ ಅಂಕಪಟ್ಟಿ ಕೊಟ್ಟರೆ ರಸೀದಿ ಪಡೆಯಿರಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ.