ಕೊನೇ ಲಾಂಚ್ ಹೊರಡೋ ಮುಂಚೆ

ತಾಲ್ಲೂಕು ಮಟ್ಟದ ಕ್ರೀಡಾಕೂಟ ನಿಮ್ಮ ಶಾಲೆಯಲ್ಲೇ ಆಗಬೇಕು ಅಂತ ಸುತ್ತೋಲೆ ಬಂದರೆ ಹೊಸ ಮೇಷ್ಟ್ರುಗಳು ಮೊದಲು ಶಾಮಿಯಾನ, ಮೈಕು, ಅತಿಥಿಗಳ ಪಟ್ಟಿ ಅಂತ ಓಡಾಡುತ್ತಾರೆ. ನನ್ನ ತಲೆಗೆ ಮೊದಲು ಬರುತ್ತಿದ್ದದ್ದು ತುಮರಿ ಮಕ್ಕಳು. ಸಾಗರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಕಡೆಯ ಊರುಗಳನ್ನು ಶರಾವತಿ ಹಿನ್ನೀರು ದ್ವೀಪ ಮಾಡಿಬಿಟ್ಟಿತು. ಅಂಬಾರಗೋಡ್ಲು ದಡದಿಂದ ಕಳಸವಳ್ಳಿಗೆ ಆಗ ಲಾಂಚ್‌ನಲ್ಲೇ ದಾಟಬೇಕಿತ್ತು, ಕತ್ತಲಾದರೆ ಅದೂ ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಕೂಟಕ್ಕೆ ನಿಜವಾದ ಟೈಂಕೀಪರ್ ಯಾರು ಅಂದರೆ ಲಾಂಚ್.

ದೈಹಿಕ ಶಿಕ್ಷಕನಾಗಿ ಹೈಸ್ಕೂಲು ಕೂಟವನ್ನು ಮೂರು ಸಲ ನಡೆಸಿಕೊಟ್ಟೆ. 1993, 2004, ಆಮೇಲೆ ನಿವೃತ್ತಿಗೆ ಸ್ವಲ್ಪ ಮುಂಚೆ 2017. ಹೋಬಳಿಯಲ್ಲಿ ಗೆದ್ದವರು ನಮ್ಮಲ್ಲಿಗೆ ಬರುತ್ತಾರೆ, ನಮ್ಮಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಗುಂಪಾಟ, ಮೇಲಾಟ ಎಲ್ಲ ಎರಡು ದಿನದಲ್ಲಿ ಮುಗಿಯಬೇಕು. ಅದೂ ಆಗಸ್ಟ್, ಸೆಪ್ಟೆಂಬರಿನಲ್ಲಿ, ಮಲೆನಾಡಿನ ಮಳೆಯಲ್ಲಿ.

ಮೊದಲ ಸಲ ಮೈದಾನವೇ ಸಾಲಲಿಲ್ಲ. 200 ಮೀಟರಿನ ಆರು ಲೇನ್ ಟ್ರ್ಯಾಕಿಗೆ ಹೆಚ್ಚುಕಡಿಮೆ 93 ಮೀಟರ್ ಉದ್ದ, 53 ಮೀಟರ್ ಅಗಲ ಬೇಕು. ನಮ್ಮ ಜಂಬಿಟ್ಟಿಗೆ ದರೆ ಎರಡು ಮೀಟರ್ ಒಳಕ್ಕೆ ಚಾಚಿಕೊಂಡಿತ್ತು. ಊರವರು ಗುದ್ದಲಿ, ಪಿಕಾಸಿ ಹಿಡಿದು ಎರಡು ಭಾನುವಾರದಲ್ಲಿ ಕಡಿದು ಕೊಟ್ಟರು. ಗೆರೆ ಹಾಕೋದಕ್ಕೆ ಸುಣ್ಣ ಬೇಡ ಅಂದೆ. ಮಳೆನೀರಿಗೆ ನೆಂದ ಬರಿಗಾಲಿಗೆ ಸುಣ್ಣ ತಾಗಿದರೆ ಉರಿ. ಅಜ್ಜಿಯಂದಿರು ಗೋಡೆಗೆ ಬಳಿಯುವ ಬಿಳಿ ಮಣ್ಣು, ಶೇಡಿ ತರಿಸಿದೆ. ನಡುವಿಗೊಂದು ಗೂಟ ಹೊಡೆದು, ತ್ರಿಜ್ಯಕ್ಕೆ ಹಗ್ಗದ ಬದಲು ತಂತಿ ಕಟ್ಟಿದೆ, ಏಕೆಂದರೆ ನೈಲಾನ್ ಹಗ್ಗ ಎಳೆದ ಹಾಗೆ ಹಿಗ್ಗುತ್ತದೆ. ಇಷ್ಟೆಲ್ಲ ಜಾಣತನ ತೋರಿಸಿದವನು ಎಡವಿದ್ದು ಪುಸ್ತಕದಲ್ಲಿ.

ಹೊರಲೇನಿನವರು ಸುತ್ತಿನಲ್ಲಿ ಹೆಚ್ಚು ಓಡಬಾರದು ಅಂತ ಅವರ ಸ್ಟಾರ್ಟನ್ನು ಮುಂದಕ್ಕೆ ಇಡುವ ದೂರಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ನನ್ನ ಕಾಲೇಜು ನೋಟ್ಸಿನಲ್ಲಿ ಎರಡನೇ ಲೇನಿನ ಸ್ಟ್ಯಾಗರ್ 7.04 ಮೀಟರ್, ಆಮೇಲಿನ ಪ್ರತಿ ಲೇನಿಗೂ 7.67 ಹೆಚ್ಚು ಅಂತಿತ್ತು. ಹಾಗೇ ಹಾಕಿದೆ. ಆದರೆ ಆ 7.04, ಒಳಅಂಚಿಗೆ ಎತ್ತರಿಸಿದ ಕಟ್ಟೆ ಇರುವ ಟ್ರ್ಯಾಕಿನ ಲೆಕ್ಕ. ಕಟ್ಟೆ ಇದ್ದರೆ ಮೊದಲ ಲೇನನ್ನು ಒಳಅಂಚಿನಿಂದ 30 ಸೆಂಟಿಮೀಟರ್ ಆಚೆ ಅಳೆಯುತ್ತಾರೆ. ನಮ್ಮ ಹಾಗೆ ಬರೀ ಗೆರೆ ಇದ್ದರೆ, ಉಳಿದ ಲೇನುಗಳಂತೆ 20 ಸೆಂಟಿಮೀಟರ್. ಹತ್ತು ಸೆಂಟಿಮೀಟರಿನ ಈ ವ್ಯತ್ಯಾಸ ಒಂದು ಸುತ್ತಿಗೆ 63 ಸೆಂಟಿಮೀಟರ್ ಆಗುತ್ತದೆ. ಅಂದರೆ ಮೊದಲ ಲೇನಿನವರು ಅಷ್ಟು ಕಡಿಮೆ ಓಡುತ್ತಾರೆ.

ಹುಡುಗಿಯರ 200 ಮೀಟರ್ ಫೈನಲ್. ಮೊದಲ ಲೇನಿನ ಹುಡುಗಿ ಎದೆಯಳತೆಯಲ್ಲಿ ಗೆದ್ದಳು. ಇನ್ನೊಂದು ಶಾಲೆಯ ಹಿರಿಯ ಮೇಷ್ಟ್ರೊಬ್ಬರು ಟೇಪು ಹಿಡಿದುಕೊಂಡು ಬಂದು, "ಏನ್ ಮಾರಾಯ, ನಿಂಗೆ ಕಟ್ಟೆ ಎಲ್ಲಿ ಕಾಣ್ತು?" ಅಂದರು. ಜಗಳ ಆಡಲಿಲ್ಲ, ಅಷ್ಟೇ ಕೇಳಿದರು. ನನ್ನ ಮುಖ ಶೇಡಿಗಿಂತ ಬಿಳಿ. ಮೊದಲ ಲೇನಿನ ಸ್ಟಾರ್ಟನ್ನು 63 ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಮಕ್ಕಳು ಸುಧಾರಿಸಿಕೊಳ್ಳಲಿ ಅಂತ ಒಂದು ಗಂಟೆ ಬಿಟ್ಟು ಮತ್ತೆ ಓಡಿಸಿದೆವು. ಈ ಸಲ ಗೆದ್ದವಳು ತುಮರಿ ಕಡೆಯವಳು. ಅವಳ ತಂಡಕ್ಕೆ ಲಾಂಚ್ ತಪ್ಪಿತು.

ಅವತ್ತು ಹನ್ನೊಂದು ಮಕ್ಕಳು ಶಾಲೆಯಲ್ಲೇ ಮಲಗಿದರು. ಕೂಟಕ್ಕೆ ಅಂತ ಮನೆಮನೆಯಿಂದ ಎತ್ತಿದ್ದ ಅಕ್ಕಿಯಲ್ಲಿ ಎರಡು ಸೇರು ಉಳಿದಿತ್ತು. ಕಂಬಳಿಗೆ ಮತ್ತೆ ಮನೆಮನೆ ಅಲೆದೆ. ಮೊದಲು ಗೆದ್ದು ಆಮೇಲೆ ಸೋತ ಹುಡುಗಿ ನಮ್ಮೂರವಳೇ. ಈಗಲೂ ಸಂತೆಯಲ್ಲಿ ಸಿಕ್ಕರೆ, "ಅರವತ್ಮೂರು ಸೆಂಟಿಮೀಟರ್ ಚೆನ್ನಾಗಿದೀರಾ ಸಾರ್?" ಅನ್ನುತ್ತಾಳೆ.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರು, ಮೈಸೂರಿನಲ್ಲಿ ನಡೆಯಿತು. ಕೋರಮಂಗಲದಲ್ಲಿ ಕ್ರೀಡಾಗ್ರಾಮ ಎದ್ದಿತ್ತು, ಪದಕಪಟ್ಟಿಯಲ್ಲಿ ನಾವೇ ಮೊದಲು. ನಾನು ಕಂಠೀರವದ ಮೆಟ್ಟಿಲ ಮೇಲೆ ಕೂತು ಓಟಕ್ಕಿಂತ ಹೆಚ್ಚು ನೋಡಿದ್ದು ಓಟಕ್ಕೆ ಮುಂಚೆ ಏನಾಗುತ್ತದೆ ಅನ್ನೋದನ್ನು. ಓಟಗಾರರು ಎಲ್ಲೆಲ್ಲಿಂದಲೋ ಬಂದು ಗೆರೆಗೆ ನಿಲ್ಲುವುದಿಲ್ಲ. ಮೊದಲೇ ಒಂದು ಕಡೆ ಸೇರಿಸಿ, ಎದೆಸಂಖ್ಯೆ ನೋಡಿ, ಸಾಲಾಗಿ ಕರೆತರುತ್ತಾರೆ. ನಮ್ಮಲ್ಲಿ ಅರ್ಧ ದಿನ ಹಾಳಾಗುತ್ತಿದ್ದದ್ದೇ ಮೈಕಿನಲ್ಲಿ ಹೆಸರು ಕೂಗಿ ಕೂಗಿ. ಖೋ ಖೋ ಆಡುತ್ತಿದ್ದವನಿಗೇ ಉದ್ದಜಿಗಿತದ ಕರೆ.

2004ರಲ್ಲಿ ಹಳೇ ಸೈಕಲ್ ಶೆಡ್ಡನ್ನೇ ಹಾಗೆ ಮೊದಲೇ ಸೇರಿಸುವ ಕಾಲ್ ರೂಂ ಮಾಡಿದೆ. ಹುರಿಯಲ್ಲಿ ಜಾಗ ಕಟ್ಟಿ, ಮೂರು ಓಟದ ಮಕ್ಕಳು ಸದಾ ತಯಾರಿರುವಂತೆ ನೋಡಿಕೊಂಡೆವು. ಇನ್ನೊಂದು ಉಪಕಾರ ದೂರದಿಂದ ಬಂತು. 1993ರಲ್ಲಿ ವಾಲಿಬಾಲಿಗೆ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು, 15ಕ್ಕೆ ಸೆಟ್. ಸರ್ವ್ ಅತ್ತಿಂದಿತ್ತ ಹೋಗುತ್ತಲೇ ಇರುತ್ತಿತ್ತು. ನಮ್ಮ ಫೈನಲ್ ಟ್ರ್ಯಾಕ್ಟರಿನ ದೀಪದಲ್ಲಿ ಮುಗಿದಿತ್ತು. ಆ ಶತಮಾನ ಮುಗಿಯೋ ಹೊತ್ತಿಗೆ ನಿಯಮ ಬದಲಾಗಿ ಪ್ರತಿ ರ‍್ಯಾಲಿಗೂ ಪಾಯಿಂಟು, 25ಕ್ಕೆ ಸೆಟ್ ಆಯಿತು. ಹಳೇ ಆಟವೇ ಚಂದ ಅನ್ನುವವರು ಈಗಲೂ ಇದ್ದಾರೆ, ಇರಲಿ. ಆತಿಥ್ಯ ವಹಿಸಿದವನಿಗೆ ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಾದರೆ ಸಾಕು. ಆ ವರ್ಷ ಮಳೆಗೆ ಶೇಡಿಯೂ ನಿಲ್ಲಲಿಲ್ಲ. ಗೆರೆಯನ್ನು ಎರಡು ಬೆರಳು ಆಳ ಕೊರೆದು ಸಾಮಿಲ್ಲಿನ ಮರದ ಹೊಟ್ಟು ತುಂಬಿದೆವು. ಲಾಂಚ್ ತಪ್ಪಲಿಲ್ಲ.

2017ಕ್ಕೆ ಕೆಲಸ ಹಗುರ. ಬಿಸಿಯೂಟದ ಅಡುಗೆಮನೆ, ಪಾತ್ರೆ, ಅಡುಗೆಯವರು ಎಲ್ಲ ಅಲ್ಲೇ. ಆದರೆ ವಯಸ್ಸಿನ ತಕರಾರು ಜಾಸ್ತಿ, ದಾಖಲೆ ನೋಡುವುದಕ್ಕೇ ಇಬ್ಬರು ಬೇಕಾದರು. ಹುಡುಗರ 100 ಮೀಟರಿನಲ್ಲಿ ಒಬ್ಬ ಕ್ಲ್ಯಾಪರಿಗೆ ಮೊದಲೇ ಹಾರಿದ. 2010ರಿಂದ ಒಂದೇ ಫಾಲ್ಸ್ ಸ್ಟಾರ್ಟಿಗೆ ಹೊರಗೆ. ಅವನ ಊರಿನವರು "ಇನ್ನೊಂದ್ ಚಾನ್ಸ್ ಕೊಡಿ ಸಾರ್" ಅಂತ ಸುತ್ತುಗಟ್ಟಿದರು. ಆ ಹುಡುಗನೇ ತಲೆ ತಗ್ಗಿಸಿ, "ಬಿಡಿ ಮಾವ, ಬೋಲ್ಟ್‌ಗೇ ಕೊಡ್ಲಿಲ್ಲ" ಅಂದ. 2011ರ ಡೇಗು ವಿಶ್ವ ಕೂಟದ 100 ಮೀಟರ್ ಫೈನಲಿನಲ್ಲಿ ಉಸೇನ್ ಬೋಲ್ಟ್ ಹೀಗೇ ಹೊರಬಿದ್ದದ್ದನ್ನು ಅವನು ಮೊಬೈಲಿನಲ್ಲಿ ನೋಡಿದ್ದ.

ಹಿನ್ನೀರಿನ ಮೇಲೆ ಸೇತುವೆ ಆದದ್ದು 2025ರ ಜುಲೈಯಲ್ಲಿ. ಅದಾದ ಮೇಲೆ ನಮ್ಮ ಶಾಲೆಯ ಈಗಿನ ಮೇಷ್ಟ್ರು ನನ್ನ ಹಳೇ ಫೈಲು ಇಸಿದುಕೊಂಡು ಹೋಗಿದ್ದರು. ಎರಡು ದಿನ ಬಿಟ್ಟು ಫೋನ್ ಮಾಡಿ, "ಸಾರ್, ಮೂರೂ ವರ್ಷದ ವೇಳಾಪಟ್ಟೀಲಿ ಕೆಲವು ಹೆಸರಿನ ಮುಂದೆ ಕೆಂಪು ಶಾಯೀಲಿ 'ಲಾ' ಅಂತ ಬರ್ದಿದೀರಿ. ಇದು ಲಾಂಗ್ ಜಂಪಾ?" ಅಂತ ಕೇಳಿದರು.